ಬಾಗಿಲಾಚೆಯ ದನಿ: ಆಕಾಶದಿಂದ ಬರುವ ಮೊದಲ ಕರೆ



ನಮ್ಮೂರ ಮನೆಯಲ್ಲಿ ರಾತ್ರಿ ಹೊತ್ತು ಯಾರಾದರೂ ಬಾಗಿಲು ತಟ್ಟಿದರೆ ಅಜ್ಜಿ ಒಳಗಿನಿಂದಲೇ ‘ಯಾರದು?’ ಅನ್ನುತ್ತಿದ್ದರು. ಹೊರಗಿನಿಂದ ಬರುತ್ತಿದ್ದ ಉತ್ತರ ಹೆಚ್ಚಾಗಿ ಒಂದೇ: ‘ನಾನು.’ ಅಜ್ಜಿ ಚಿಲಕಕ್ಕೆ ಕೈ ಹಾಕುತ್ತಿರಲಿಲ್ಲ. ‘ನಾನು ಅಂದ್ರೆ ಯಾರು?’ ಎಂದು ಮತ್ತೆ ಕೇಳುತ್ತಿದ್ದರು. ಆಗ ಪೂರ್ತಿ ಮಾತು ಬರುತ್ತಿತ್ತು: ಕೆಳಗಿನ ಕೇರಿಯ ಇಂಥವನು, ಕೊಟ್ಟಿಗೆಯಿಂದ ನೇರ ಬಂದಿದ್ದೇನೆ, ಹಸು ಕರು ಹಾಕುತ್ತಿದೆ, ಲಾಟೀನು ಬೇಕು. ಅಷ್ಟು ಕೇಳಿದ ಮೇಲೆ ಬಾಗಿಲು ತೆರೆಯುವ ಮುಂಚೆಯೇ ಅಜ್ಜಿಯ ಕೈಯಲ್ಲಿ ಲಾಟೀನು ಇರುತ್ತಿತ್ತು.

ನಾನು ಮೂವತ್ತು ವರ್ಷ ವಿಮಾನ ಸಂಚಾರ ನಿಯಂತ್ರಕನಾಗಿ ಕೆಲಸ ಮಾಡಿದೆ. ಅಷ್ಟೂ ವರ್ಷ ಕೂತಿದ್ದು ಅಜ್ಜಿಯ ಜಾಗದಲ್ಲಿ, ಮುಚ್ಚಿದ ಬಾಗಿಲಿನ ಒಳಗೆ. ಆಚೆ ಕತ್ತಲಲ್ಲಿ ಒಂದು ದನಿ. ಆ ದನಿ ಮೊದಲ ಬಾರಿಗೆ ಏನು ಹೇಳಬೇಕು, ಯಾಕೆ ಹಾಗೆಯೇ ಹೇಳಬೇಕು ಎಂಬುದೇ ಈ ಸಂಜೆಯ ವಿಷಯ. ಇದು ಪೈಲಟ್‌ಗಳಿಗೆ ಮಾತ್ರ ಬೇಕಾದ ವಿಷಯ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಸಭೆಯಲ್ಲಿ ವಿಮಾನ ಹತ್ತದವರು ಕಡಿಮೆ. ನೀವು ಪಟ್ಟಿ ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತಿರುವಾಗ ಮುಂದಿನ ಕೋಣೆಯಲ್ಲಿ ಯಾರೋ ಒಬ್ಬರು ನಿಮ್ಮೆಲ್ಲರ ಪರವಾಗಿ ಬಾಗಿಲು ತಟ್ಟುತ್ತಿರುತ್ತಾರೆ.

ನಿಯಂತ್ರಕರೆಂದರೆ ಎತ್ತರದ ಗಾಜಿನ ಗೋಪುರದಲ್ಲಿ ದುರ್ಬೀನು ಹಿಡಿದು ನಿಂತವರು ಎಂಬ ಚಿತ್ರ ಜನರ ಮನಸ್ಸಿನಲ್ಲಿದೆ. ಅಂಥವರೂ ಇದ್ದಾರೆ. ಆದರೆ ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಅದು ಕಿಟಕಿಯೇ ಇಲ್ಲದ, ಮಬ್ಬು ಬೆಳಕಿನ ಕೋಣೆಯೊಂದರ ಪಾಲಾಗುತ್ತದೆ. ಅಲ್ಲಿ ಕೂತವರಿಗೆ ವಿಮಾನ ಕಾಣುವುದಿಲ್ಲ. ಪರದೆಯ ಮೇಲೊಂದು ಗುರುತು, ಪಕ್ಕದಲ್ಲಿ ಕೆಲವು ಅಕ್ಷರ, ಕೆಲವು ಅಂಕಿ, ಕಿವಿಯಲ್ಲಿ ದನಿ. ನಮ್ಮ ಕಾಲದಲ್ಲಿ ಎಷ್ಟೋ ಕಡೆ ಆ ಪರದೆಯೂ ಇರಲಿಲ್ಲ. ಕಾಗದದ ಸ್ಟ್ರಿಪ್ ಮೇಲೆ ಪೆನ್ನಿನಲ್ಲಿ ಬರೆದುಕೊಂಡ ಹೊತ್ತು, ಎತ್ತರ, ದಾರಿ ಇವೇ ನಮ್ಮ ಪಾಲಿನ ಆಕಾಶ.

ಬೆಂಗಳೂರಿನಿಂದ ದೆಹಲಿಗೆ ಹೋಗುವ ಪ್ರಯಾಣಿಕನಿಗೆ ಅದು ಒಂದೇ ಪ್ರಯಾಣ. ರೇಡಿಯೋದಲ್ಲಿ ಅದು ಹತ್ತಾರು ತುಂಡು. ಹೊರಡುವ ಅನುಮತಿ ಕೊಡುವವರು ಒಬ್ಬರು, ನೆಲದ ಮೇಲೆ ನಡೆಸುವವರು ಇನ್ನೊಬ್ಬರು; ರನ್‌ವೇ ಟವರಿನದು, ಮೇಲೆದ್ದ ಕೂಡಲೇ ಅಪ್ರೋಚ್ ಕೋಣೆಯದು, ಆಮೇಲೆ ಏರಿಯಾ ಕಂಟ್ರೋಲಿನ ಒಂದರ ನಂತರ ಒಂದು ಸೆಕ್ಟರ್. ಪ್ರತಿ ಸಲವೂ ಫ್ರೀಕ್ವೆನ್ಸಿ ಬದಲಾಗುತ್ತದೆ, ಕಿವಿ ಬದಲಾಗುತ್ತದೆ. ಹೊಸ ಕಿವಿಗೆ ಹಳೆಯ ಕಿವಿ ಕೇಳಿದ್ದೆಲ್ಲ ಗೊತ್ತಿರುತ್ತದೆ ಎಂದುಕೊಳ್ಳುವುದೇ ನಮ್ಮ ವೃತ್ತಿಯ ಹಳೆಯ ಅಪಾಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಕರೆಯ ಹಂದರ ಸರಳ. ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಏನು ಬೇಕು. ಯಾರನ್ನು ಕರೆಯುತ್ತೇವೋ ಅವರ ಹೆಸರು ಮೊದಲು ಬರುವುದು ಮರ್ಯಾದೆಗಾಗಿ ಅಲ್ಲ. ಒಂದೇ ಫ್ರೀಕ್ವೆನ್ಸಿಯಲ್ಲಿ ಹದಿನೈದು ಇಪ್ಪತ್ತು ವಿಮಾನ ಇರಬಹುದು. ‘ಬೆಂಗಳೂರು ರೇಡಾರ್’ ಎಂಬ ಎರಡು ಪದ ಬಿದ್ದ ಕೂಡಲೇ ನನ್ನ ಕೈ ಪೆನ್ನಿನತ್ತ ಹೋಗುತ್ತದೆ. ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕೂಗಿದಾಗ ತಿರುಗಿ ನೋಡುತ್ತೇವಲ್ಲ, ಹಾಗೆ. ಪೈಲಟ್ ತಪ್ಪಿ ಬೇರೆ ಫ್ರೀಕ್ವೆನ್ಸಿಗೆ ಬಂದಿದ್ದರೆ ಅದೂ ಆ ಎರಡು ಪದದಲ್ಲೇ ಬಯಲಾಗುತ್ತದೆ.

ಎರಡನೆಯದು ಕಾಲ್‌ಸೈನ್. ಇಂಡಿಗೊ ವಿಮಾನ ರೇಡಿಯೋದಲ್ಲಿ ‘ಐಫ್ಲೈ’ ಆಗುತ್ತದೆ, ಬ್ರಿಟಿಷ್ ಏರ್‌ವೇಸ್ ‘ಸ್ಪೀಡ್‌ಬರ್ಡ್’ ಆಗುತ್ತದೆ. ಜಕ್ಕೂರಿನ ಪುಟ್ಟ ತರಬೇತಿ ವಿಮಾನಕ್ಕೆ ಅಂಥ ಹೆಸರಿಲ್ಲ. ಅದರ ಮೈಮೇಲೆ ಬರೆದಿರುವ, ವಿಕ್ಟರ್ ಟ್ಯಾಂಗೊ ಎಂದು ಶುರುವಾಗುವ ಐದು ಅಕ್ಷರಗಳೇ ಅದರ ಹೆಸರು. ಮೊದಲ ಕರೆಯಲ್ಲಿ ಅದನ್ನು ಪೂರ್ತಿ ಹೇಳಬೇಕು. ಆಮೇಲೆ ಮೊಟಕು ಮಾಡಬಹುದು, ಆದರೆ ಮೊದಲು ಮೊಟಕು ಮಾಡುವ ಹಕ್ಕು ನೆಲದವರದು. ಹೋಲುವ ಹೆಸರಿನ ಇನ್ನೊಂದು ವಿಮಾನ ಇದೆಯೋ ಇಲ್ಲವೋ ಎಂಬುದು ನೆಲದವರಿಗೆ ಮಾತ್ರ ಗೊತ್ತು. ಹೆಸರಿನ ಅಕ್ಷರಗಳನ್ನು ಹೇಳುವ ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಇಂದಿನ ಅಕ್ಷರಮಾಲೆ 1956ರಲ್ಲಿ ಜಾರಿಗೆ ಬಂತು. ಬೇರೆ ಬೇರೆ ಭಾಷೆಯವರ ಬಾಯಲ್ಲೂ ಕಿವಿಯಲ್ಲೂ ಪರೀಕ್ಷಿಸಿ ಆರಿಸಿದ ಪದಗಳವು. ಒಂಬತ್ತನ್ನು ‘ನೈನರ್’, ಐದನ್ನು ‘ಫೈಫ್’, ಮೂರನ್ನು ‘ಟ್ರೀ’ ಎನ್ನುವ ರೂಢಿಯ ಹಿಂದೆಯೂ ಇದೇ ಕಾಳಜಿ. ಗದ್ದಲದ ರೇಡಿಯೋದಲ್ಲಿ ‘ನೈನ್’ ಮತ್ತು ‘ಫೈವ್’ ಅಣ್ಣತಮ್ಮಂದಿರಂತೆ ಕೇಳುತ್ತವೆ.

ದೊಡ್ಡ ವಿಮಾನಗಳು ಹೆಸರಿನ ಬೆನ್ನಿಗೇ ಒಂದು ಪದ ಸೇರಿಸಬೇಕು. 136 ಟನ್ ಅಥವಾ ಅದಕ್ಕಿಂತ ಹೆಚ್ಚಿನ ತೂಕದಲ್ಲಿ ಹಾರಲು ಪ್ರಮಾಣಿತವಾದದ್ದು ‘ಹೆವಿ’, ಏರ್‌ಬಸ್ ಎ380 ‘ಸೂಪರ್’. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್‌ನ ಎ380 ಬೆಂಗಳೂರಿಗೆ ಬರತೊಡಗಿದ ಮೇಲೆ ನಮ್ಮ ಕೆಂಪೇಗೌಡ ನಿಲ್ದಾಣದ ರೇಡಿಯೋದಲ್ಲೂ ಆ ಪದ ದಿನದ ಮಾತಾಯಿತು. ಅದರಲ್ಲಿ ಜಂಭವೇನಿಲ್ಲ. ರೆಕ್ಕೆಯ ತುದಿಯಿಂದ ಹಿಂದಕ್ಕೆ ಸುರುಳಿ ಸುತ್ತುವ ಗಾಳಿ ಹಿಂದೆ ಬರುವ ಚಿಕ್ಕ ವಿಮಾನವನ್ನು ಮಗುಚಬಲ್ಲದು. ಆ ಒಂದು ಪದ ಕೇಳಿದ ನಿಯಂತ್ರಕ ಹಿಂದಿನವರನ್ನು ಇನ್ನಷ್ಟು ದೂರ ಇಡುತ್ತಾನೆ, ಹಿಂದಿನ ಪೈಲಟ್ ಕೂಡ ಕೇಳಿಸಿಕೊಂಡು ಎಚ್ಚರಾಗುತ್ತಾನೆ.

ಈಗ ಎತ್ತರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಬೆಂಗಳೂರಿನಿಂದ ಮೇಲೆದ್ದ ಪೈಲಟ್ ರೇಡಾರಿನವರನ್ನು ಮೊದಲ ಸಲ ಕರೆದಾಗ ಎರಡು ಅಂಕಿ ಹೇಳಬೇಕು: ಈಗ ದಾಟುತ್ತಿರುವ ಎತ್ತರ, ಏರಲು ಅನುಮತಿ ಸಿಕ್ಕಿರುವ ಎತ್ತರ. ‘ಪಾಸಿಂಗ್ ಫೋರ್ ತೌಸಂಡ್ ಟೂ ಹಂಡ್ರೆಡ್’ ಎಂದರೆ ಸಮುದ್ರಮಟ್ಟದಿಂದ 4,200 ಅಡಿ. ನಮ್ಮ ರನ್‌ವೇಯೇ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ವಿಮಾನ ನೆಲದಿಂದ 1,200 ಅಡಿ ಮೇಲಿದೆ ಅಷ್ಟೇ. ‘ನಾಲ್ಕು ಸಾವಿರದ ಚಿಲ್ಲರೆ’ ಎಂಬಂಥ ಮಾತು ಸಾಲದು, ನೂರರ ಲೆಕ್ಕದವರೆಗೆ ನಿಖರವಾಗಿ ಹೇಳಬೇಕು. ವಿಮಾನದ ಟ್ರಾನ್ಸ್‌ಪಾಂಡರ್ ತಾನಾಗಿಯೇ ಎತ್ತರವನ್ನು ನನ್ನ ಪರದೆಗೆ ಕಳಿಸುತ್ತಿರುತ್ತದೆ. ಆದರೆ ಯಂತ್ರ ಹೇಳಿದ್ದು ನಿಜವೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಪೈಲಟ್ ತನ್ನ ಮುಂದಿನ ಮಾಪಕ ನೋಡಿ ಬಾಯಲ್ಲಿ ಹೇಳಿದ ಅಂಕಿಯನ್ನು ಪರದೆಯ ಅಂಕಿಗೆ ಹೋಲಿಸುತ್ತೇನೆ. ಸಾಮಾನ್ಯವಾಗಿ 300 ಅಡಿಯೊಳಗೆ, ವಿಮಾನಗಳು ಒಂದರ ಮೇಲೊಂದು ಇಕ್ಕಟ್ಟಾಗಿ ಹಾರುವ ಮೇಲಿನ ಆಕಾಶದಲ್ಲಿ 200 ಅಡಿಯೊಳಗೆ, ಎರಡೂ ಹೊಂದಿದರೆ ಮಾತ್ರ ಆ ಯಂತ್ರವನ್ನು ನಂಬುತ್ತೇನೆ. ಪ್ರಯಾಣಿಕರಿಗೆ ಗೊತ್ತೇ ಆಗದ ಈ ತಾಳೆ ನೋಡುವ ಕೆಲಸ ಮುಗಿಯುವುದು ಆ ಮೊದಲ ಕರೆಯ ನಾಲ್ಕೈದು ಸೆಕೆಂಡುಗಳಲ್ಲಿ.

ಎರಡನೆಯ ಅಂಕಿಯ ಬೆಲೆ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ಪೈಲಟ್ ಒಬ್ಬರು ಮೊದಲ ಕರೆಯಲ್ಲಿ ತಾವು ಏರುತ್ತಿರುವ ಲೆವೆಲ್ ಹೇಳಿದರು. ಅದು ನನ್ನ ಸ್ಟ್ರಿಪ್‌ನಲ್ಲಿ ಬರೆದದ್ದಕ್ಕಿಂತ ಬೇರೆಯಾಗಿತ್ತು. ನಾನು ಇನ್ನೊಂದು ಸ್ಟ್ರಿಪ್ ತಿದ್ದುತ್ತಾ ‘ರೋಜರ್’ ಅಂದುಬಿಟ್ಟೆ. ರೋಜರ್ ಎಂದರೆ ‘ಕೇಳಿಸಿತು’ ಎಂದು ಮಾತ್ರ ಅರ್ಥ, ‘ಸರಿ’ ಎಂದಲ್ಲ. ಆದರೆ ನನಗೆ ಕೇಳಿಸಿಯೂ ಇರಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ನನ್ನ ಭುಜ ಹಿಡಿದು ಸ್ಟ್ರಿಪ್ ಮೇಲೆ ಬೆರಳಿಟ್ಟರು. ಆ ಹೊತ್ತಿಗೆ ಸುತ್ತ ಬೇರೆ ವಿಮಾನ ಇರಲಿಲ್ಲ. ಏನೂ ಆಗಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಆಗಿರಬಹುದಾದ ತಪ್ಪನ್ನು ಹಿಡಿಯುವ ಕೊನೆಯ ಬಲೆ ಆ ಮೊದಲ ಕರೆ. ಪೈಲಟ್ ತನ್ನ ಪಾಲಿನ ಬಲೆ ಬೀಸಿದ್ದರು, ನಾನು ನನ್ನ ತುದಿಯನ್ನು ಬಿಟ್ಟಿದ್ದೆ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಏನಾಯಿತೆಂದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದೆಹಲಿಯಿಂದ ಹೊರಟ ಸೌದಿ ವಿಮಾನ 14,000 ಅಡಿಗೆ ಏರುತ್ತಿತ್ತು. ಎದುರಿನಿಂದ ದೆಹಲಿಗೆ ಇಳಿಯುತ್ತಿದ್ದ ಕಝಾಕ್ ವಿಮಾನಕ್ಕೆ 15,000ದಲ್ಲಿ ನಿಲ್ಲಲು ಹೇಳಲಾಗಿತ್ತು. ಬರುವವರಿಗೂ ಹೋಗುವವರಿಗೂ ಆಗ ಒಂದೇ ದಾರಿ. 15,000 ತಲುಪಿದ್ದೇನೆ ಎಂಬ ಮಾತು ರೇಡಿಯೋದಲ್ಲಿ ಬಂತು. ವಿಮಾನ ಮಾತ್ರ ಇಳಿಯುತ್ತಲೇ ಹೋಯಿತು. ಎದುರಿನಿಂದ ಸೌದಿಯ ಬೋಯಿಂಗ್ ಬರುತ್ತಿದೆ ಎಂದು ನಿಯಂತ್ರಕ ಎಚ್ಚರಿಸಿದ್ದರು. ಆದರೆ ದೆಹಲಿಯ ರೇಡಾರ್ ಆಗ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಬಾಯಿಮಾತನ್ನು ತಾಳೆ ನೋಡಲು ನೆಲದಲ್ಲಿ ಇನ್ನೊಂದು ಅಂಕಿಯೇ ಇರಲಿಲ್ಲ. ಕಝಾಕ್ ವಿಮಾನದಲ್ಲಿ ರೇಡಿಯೋ ಮಾತಿಗೆಂದೇ ಬೇರೆ ಸಿಬ್ಬಂದಿ ಇದ್ದರು, ಪೈಲಟ್‌ಗಳು ಅವರ ಮೂಲಕ ಕೇಳಿಸಿಕೊಳ್ಳುತ್ತಿದ್ದರು. ವಿಮಾನಗಳು ಡಿಕ್ಕಿಯಾಗಿ ಎರಡರಲ್ಲೂ ಇದ್ದ 349 ಮಂದಿಯೂ ಸತ್ತರು. ನ್ಯಾಯಮೂರ್ತಿ ಲಾಹೋಟಿ ಆಯೋಗದ ತನಿಖೆಯಾಯಿತು. ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಂತು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಎತ್ತರ ಹೇಳುವ ಪ್ರತಿ ದನಿಯನ್ನು ಕೇಳುವಾಗಲೂ ನಮ್ಮ ಪೀಳಿಗೆಯ ನಿಯಂತ್ರಕರ ಬೆನ್ನ ಹಿಂದೆ ಆ ಸಂಜೆ ನಿಂತಿರುತ್ತಿತ್ತು.

‘ಎಲ್ಲಿದ್ದೇನೆ’ ಎಂಬುದಕ್ಕೂ ಒಂದು ಕಟ್ಟುಪಾಡಿದೆ. ಆಟೋದವರು ಫೋನ್ ಮಾಡಿ ‘ಎಲ್ಲಿದ್ದೀರಾ ಸಾರ್’ ಎಂದರೆ ನಾವು ‘ಇಲ್ಲೇ, ಮರದ ಹತ್ತಿರ’ ಅನ್ನುತ್ತೇವೆ. ನಮಗೆ ಮರ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ. 2001ರ ಅಕ್ಟೋಬರ್ 8ರ ಬೆಳಗ್ಗೆ ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿ ದಟ್ಟ ಮಂಜು. ನೆಲದ ರೇಡಾರ್ ಕೆಲಸದಲ್ಲಿರಲಿಲ್ಲ. ಒಂದು ಪುಟ್ಟ ಸೆಸ್ನಾ ಜೆಟ್ ತನಗೆ ಹೇಳಿದ ದಾರಿ ಬಿಟ್ಟು ಇನ್ನೊಂದನ್ನು ಹಿಡಿಯಿತು. ನೆಲದ ಮೇಲೆ ಬಣ್ಣದಲ್ಲಿ ಬರೆದಿದ್ದ ಗುರುತನ್ನು ಓದಿ, ‘ಸಿಯೆರಾ ಫೋರ್’ ಹತ್ತಿರ ಬಂದಿದ್ದೇನೆ ಎಂದು ಪೈಲಟ್ ಪ್ರಾಮಾಣಿಕವಾಗಿಯೇ ಹೇಳಿದರು. ಆ ಗುರುತು ನಿಯಂತ್ರಕರ ನಕ್ಷೆಯಲ್ಲಿ ಇರಲಿಲ್ಲ. ಆ ಹೆಸರು ಕೇಳಿಯೂ ಅವರ ಮನಸ್ಸಿನಲ್ಲಿ ಚಿತ್ರ ಬದಲಾಗಲಿಲ್ಲ. ಸೆಸ್ನಾ ರನ್‌ವೇಗೆ ಹೊಕ್ಕಿತು, ವೇಗವಾಗಿ ಬರುತ್ತಿದ್ದ ಸ್ಕ್ಯಾಂಡಿನೇವಿಯನ್ ವಿಮಾನಕ್ಕೆ ಸಿಕ್ಕಿತು. 118 ಸಾವು. ಜಾಗದ ಹೆಸರು ಹೇಳಿದರೆ ಸಾಲದು, ಅದು ಕೇಳುವವರ ನಕ್ಷೆಯಲ್ಲೂ ಇರಬೇಕು. ಗೊತ್ತಿಲ್ಲದ ಹೆಸರು ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ ಕೇಳುವುದು ನೆಲದವರ ಹೊಣೆ.

ಬಟನ್ ಒತ್ತುವ ಮುಂಚೆ ಮಾಡಬೇಕಾದ ಕೆಲಸವೊಂದಿದೆ: ಕೇಳುವುದು. ನಮ್ಮ ವಿಎಚ್‌ಎಫ್ ರೇಡಿಯೋದಲ್ಲಿ ಒಮ್ಮೆಗೆ ಒಬ್ಬರಷ್ಟೇ ಮಾತಾಡಬಹುದು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಕಿವಿ ಕೊರೆಯುವ ಕೀರಲು ಸದ್ದು ಬರುತ್ತದೆ. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಕಾಯಿರಿ ಎಂದ ಟವರಿನ ಮಾತೂ ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದ, ಆ ಎರಡರಲ್ಲೊಂದಾದ ಪ್ಯಾನ್ ಆಮ್ ವಿಮಾನದ ಮಾತೂ ಅಂದು ಇಂಥದೇ ಒಂದು ಸದ್ದಿನಲ್ಲಿ ಮುಳುಗಿಹೋಗಿದ್ದವು. ಆದ್ದರಿಂದ ಹೊಸ ಫ್ರೀಕ್ವೆನ್ಸಿಗೆ ಬಂದ ಪೈಲಟ್ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಬೇರೆಯವರ ಪ್ರಶ್ನೆಗೆ ಉತ್ತರ ಬಾಕಿ ಇದ್ದರೆ ನಡುವೆ ನುಗ್ಗಬಾರದು. ಆ ದುರಂತದ ನಂತರ ‘ಟೇಕಾಫ್’ ಎಂಬ ಪದವನ್ನೇ ಕಾಪಿಟ್ಟರು. ರನ್‌ವೇ ಬಿಟ್ಟು ಏರಲು ಅನುಮತಿ ಕೊಡುವಾಗ, ಕೊಟ್ಟದ್ದನ್ನು ರದ್ದು ಮಾಡುವಾಗ ಬಿಟ್ಟರೆ ಬೇರೆ ಕಡೆ ಅದನ್ನು ಆಡುವುದಿಲ್ಲ, ‘ಡಿಪಾರ್ಚರ್’ ಅನ್ನುತ್ತಾರೆ. ನಮ್ಮ ಬಸ್ಸಿನ ಕಂಡಕ್ಟರುಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ‘ರೈಟ್’ ಎಂಬ ಪದವನ್ನು ಅವರು ಬಾಗಿಲಲ್ಲಿ ನಿಂತು ಬೇರೆ ಯಾವ ಅರ್ಥದಲ್ಲೂ ಆಡುವುದಿಲ್ಲ.

ಬೇಡದ ಮಾತುಗಳೂ ಇವೆ. ಅಮೆರಿಕದವರಿಂದ ಬಂದ ‘ವಿತ್ ಯೂ’ ಎಂಬ ಬಾಲ ನಮ್ಮ ಹುಡುಗರಿಗೂ ಅಂಟಿದೆ. ‘ನಿಮ್ಮ ಜೊತೆ ಇದ್ದೇನೆ’ ಎಂಬುದು ಕರೆದಾಗಲೇ ಗೊತ್ತಾಯಿತಲ್ಲ. ‘ನಮಸ್ತೆ’ಯ ಬಗ್ಗೆ ನನಗೆ ತಕರಾರಿಲ್ಲ. ನಡುರಾತ್ರಿ ಖಾಲಿ ಫ್ರೀಕ್ವೆನ್ಸಿಯಲ್ಲಿ ಕೇಳಿದ ಎಷ್ಟೋ ನಮಸ್ತೆಗಳು ನನ್ನ ನಿದ್ದೆಗಣ್ಣು ತೆರೆಸಿವೆ. ಬೆಳಗಿನ ದಟ್ಟಣೆಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ. ಉದ್ದದ ಬೇಡಿಕೆ ಇದ್ದರೆ ಮೊದಲು ಹೆಸರು ಹೇಳಿ, ಬೇಡಿಕೆ ಇದೆ ಎಂದಷ್ಟೇ ಹೇಳಿ ಕಾಯುವುದು ಒಳ್ಳೆಯದು. ನಿಯಂತ್ರಕ ಪೆನ್ನು ಹಿಡಿದ ಮೇಲೆ ಉಳಿದದ್ದು. ದೊಡ್ಡ ನಿಲ್ದಾಣಗಳಲ್ಲಿ ಹವಾಮಾನ, ರನ್‌ವೇ ಮೊದಲಾದ ಮಾಹಿತಿ ಧ್ವನಿಮುದ್ರಿತವಾಗಿ ಸದಾ ಪ್ರಸಾರವಾಗುತ್ತಿರುತ್ತದೆ, ಪ್ರತಿ ಹೊಸ ಆವೃತ್ತಿಗೂ ಒಂದು ಅಕ್ಷರ. ‘ಇನ್ಫರ್ಮೇಷನ್ ಡೆಲ್ಟಾ’ ಎಂದು ಪೈಲಟ್ ಮೊದಲ ಕರೆಯಲ್ಲೇ ಹೇಳಿದರೆ ನಾನು ಅದನ್ನೆಲ್ಲ ಓದಿ ಹೇಳುವ ಅರ್ಧ ನಿಮಿಷ ಉಳಿಯುತ್ತದೆ.

ನಮ್ಮ ದೇಶದಲ್ಲಿ ಪೈಲಟ್ ಆಗುವವರು ರೇಡಿಯೋ ಮಾತಿಗೆಂದೇ ಆರ್‌ಟಿಆರ್ ಎಂಬ ಪರೀಕ್ಷೆ ಬರೆಯಬೇಕು. ಬಹುಕಾಲ ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು, 2024ರ ಹೊಸ ವಾಯುಯಾನ ಕಾಯ್ದೆಯ ನಂತರ ಅದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ಕೈಗೆ ಬಂದಿದೆ. ಕಲಿಯುವ ಮಕ್ಕಳು ರೇಡಿಯೋದ ವಾಕ್ಯಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಮಾಡಲಿ, ಮಗ್ಗಿ ಬೇಕು. ಆದರೆ ಬಾಯಿಪಾಠದಲ್ಲಿ ಸಿಗದ ಒಂದು ಸಂಗತಿಯಿದೆ. ಅದನ್ನು ಹೇಳಬೇಕೆಂದೇ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ.

1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಹೊರಟ ಏವಿಯಾಂಕಾ ಸಂಸ್ಥೆಯ 52ನೇ ವಿಮಾನ ನ್ಯೂಯಾರ್ಕಿನ ಕೆನೆಡಿ ನಿಲ್ದಾಣಕ್ಕೆ ಬರುತ್ತಿತ್ತು. ಹವೆ ಕೆಟ್ಟಿತ್ತು. ದಾರಿಯಲ್ಲಿ ಮೂರು ಕಡೆ ಸೇರಿ 77 ನಿಮಿಷ ಆಕಾಶದಲ್ಲೇ ಸುತ್ತು ಹಾಕಿಸಿದರು. ಕೊನೆಗೆ ಸಹ-ಪೈಲಟ್ ತಮಗೆ ‘ಪ್ರಯಾರಿಟಿ’ ಬೇಕು ಅನ್ನಿಸುತ್ತದೆ ಎಂದರು. ಎಷ್ಟು ಹೊತ್ತು ಸುತ್ತಬಲ್ಲಿರಿ ಎಂದರೆ ಸುಮಾರು ಐದು ನಿಮಿಷ ಎಂದರು. ಬದಲಿ ನಿಲ್ದಾಣ ಯಾವುದೆಂದರೆ ಬಾಸ್ಟನ್ ಎಂದರು, ಈಗ ಅಲ್ಲಿಗೆ ಹೋಗಲು ಇಂಧನ ಸಾಲದು ಎಂದೂ ಹೇಳಿದರು. ಐದು ನಿಮಿಷದ ಮಾತು ಮುಂದಿನ ಕೋಣೆಗೆ ಹೋಯಿತು. ಬಾಸ್ಟನ್ನಿನ ಮಾತು ಹೋಗಲಿಲ್ಲ. ಹೊಸ ಫ್ರೀಕ್ವೆನ್ಸಿಗೆ ಬಂದಾಗ ಸಹ-ಪೈಲಟ್ ಮೊದಲ ಕರೆ ಮಾಡಿದರು. ಆ ಕರೆಯಲ್ಲಿ ಇಂಧನದ ಸುದ್ದಿ ಬರಲಿಲ್ಲ. ತಾವು ಆಗಲೇ ಹೇಳಿದ್ದೇವೆ, ಎಲ್ಲರಿಗೂ ಗೊತ್ತಿದೆ ಎಂದುಕೊಂಡಿರಬೇಕು. ಹೊಸ ನಿಯಂತ್ರಕರ ಪಾಲಿಗೆ ಅದು ಸಾಲಿನಲ್ಲಿ ನಿಂತ ಎಲ್ಲ ವಿಮಾನಗಳಂತೆ ಒಂದು ವಿಮಾನ. ಅದಕ್ಕೆ ಮತ್ತೊಂದು ಸುತ್ತನ್ನೂ ಹಾಕಿಸಿದರು. ಮೊದಲ ಇಳಿಯುವ ಪ್ರಯತ್ನ ಗಾಳಿಯ ಹೊಡೆತಕ್ಕೆ ವಿಫಲವಾಯಿತು. ಎಮರ್ಜೆನ್ಸಿ ಎಂದು ಹೇಳು ಎಂದು ಕ್ಯಾಪ್ಟನ್ ಹೇಳಿದರು. ಸಹ-ಪೈಲಟ್ ರೇಡಿಯೋದಲ್ಲಿ, ದಿಕ್ಕಿನ ಸೂಚನೆಗೆ ಉತ್ತರ ಕೊಟ್ಟು ಅದರ ಕೊನೆಗೆ, ಇಂಧನ ಮುಗಿಯುತ್ತಿದೆ ಎಂದು ಮೆಲ್ಲಗೆ ಸೇರಿಸಿದರು. ಆ ಒಂದು ಪದ ಅವರ ಬಾಯಿಂದ ಬರಲಿಲ್ಲ. ನಾಲ್ಕೂ ಎಂಜಿನ್ ನಿಂತವು. ಲಾಂಗ್ ಐಲ್ಯಾಂಡಿನ ಕೋವ್ ನೆಕ್ ಎಂಬಲ್ಲಿ ವಿಮಾನ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು.

ಆ ಯುವ ಸಹ-ಪೈಲಟ್‌ನನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಆತನಿಗೆ ಇಂಗ್ಲಿಷ್ ಬರುತ್ತಿತ್ತು. ಆತನ ನಾಲಿಗೆ ಕಟ್ಟಿದ್ದು ನಮಗೆಲ್ಲ ಗೊತ್ತಿರುವ ಇನ್ನೊಂದು. ಕನ್ನಡದಲ್ಲಿ ಅದಕ್ಕೆ ದಾಕ್ಷಿಣ್ಯ ಎಂಬ ಸೊಗಸಾದ ಪದವಿದೆ. ದೊಡ್ಡ ಊರು, ವೇಗವಾಗಿ ಮಾತಾಡುವ ದನಿಗಳು, ತಮ್ಮಂತೆಯೇ ಕಾಯುತ್ತಿರುವ ಹತ್ತಾರು ವಿಮಾನಗಳು. ಅವರ ನಡುವೆ ‘ನಮ್ಮದು ತುರ್ತು, ಉಳಿದವರು ಸರಿಯಲಿ’ ಎನ್ನಲು ನಾಲಿಗೆ ಏಳುವುದಿಲ್ಲ. ಎದೆನೋವು ಬಂದರೂ ಡಾಕ್ಟರ ಸಾಲಿನಲ್ಲಿ ಸುಮ್ಮನೆ ಕೂರುವ ನಮ್ಮ ತಂದೆ ತಾಯಿಯರನ್ನು ನೆನೆಯಿರಿ. ಮನುಷ್ಯರ ನಡುವೆ ಅದು ಸದ್ಗುಣವೇ. ರೇಡಿಯೋಗೆ ಮುಖವಿಲ್ಲ, ಕಣ್ಣಿಲ್ಲ. ಹೇಳದೇ ಉಳಿದದ್ದನ್ನು ಮುಖ ನೋಡಿ ತಿಳಿದುಕೊಳ್ಳುವವರು ಅಲ್ಲಿ ಯಾರೂ ಇಲ್ಲ.

ಇಂದು ಅದಕ್ಕಾಗಿ ಗೊತ್ತುಮಾಡಿದ ಪದಗಳಿವೆ. ಇನ್ನು ವಿಳಂಬವಾದರೆ ಕಷ್ಟ ಎಂಬ ಹಂತಕ್ಕೆ ‘ಮಿನಿಮಮ್ ಫ್ಯೂಯಲ್’. ಉಳಿಸಿಕೊಳ್ಳಲೇಬೇಕಾದ ಕೊನೆಯ ಇಂಧನವನ್ನೂ ಮುಟ್ಟಬೇಕಾಗಿ ಬಂದರೆ ‘ಮೇಡೇ’ ಎಂದು ಮೂರು ಬಾರಿ, ನಂತರ ‘ಫ್ಯೂಯಲ್’. 2012ರಲ್ಲಿ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇವು ಸ್ಪಷ್ಟ ರೂಪ ಪಡೆದವು. ‘ಪ್ರಯಾರಿಟಿ’ಯಂಥ ಮಾತಿಗೆ ಅಲ್ಲಿ ಜಾಗವಿಲ್ಲ. ನಾನು ಪಾಠ ಹೇಳುವ ಮಕ್ಕಳಿಗೆ ಒಂದು ಮಾತು ಸೇರಿಸಿ ಹೇಳುತ್ತೇನೆ: ಇಂಧನ, ಒಂದು ಎಂಜಿನ್, ಒಳಗೆ ಕಾಯಿಲೆಯಾದ ಪ್ರಯಾಣಿಕ, ಯಾವುದೇ ಇರಲಿ, ಫ್ರೀಕ್ವೆನ್ಸಿ ಬದಲಾದಾಗಲೆಲ್ಲ ಹೊಸ ಕಿವಿಗೆ ಅದನ್ನು ಹೊಸದಾಗಿ ಹೇಳಿ. ಹತ್ತನೇ ಸಲವೂ ಮೊದಲ ಸಲದಂತೆ ಹೇಳಿ.

ದಾಕ್ಷಿಣ್ಯ ಬಿಟ್ಟು ಹೇಳಬೇಕಾದ ಇನ್ನೊಂದು ಮಾತಿದೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಕಲಿಯುವವರು ಮೊದಲ ಕರೆಯಲ್ಲೇ ‘ಸ್ಟೂಡೆಂಟ್’ ಎಂದು ಹೇಳಿಕೊಳ್ಳುವ ಪದ್ಧತಿ ಇದೆ. ನಮ್ಮಲ್ಲಿ ಅದು ಇನ್ನೂ ಗಟ್ಟಿಯಾಗಿ ಬೇರೂರಬೇಕೆಂದು ನನ್ನ ಆಸೆ. ನಾನು ಟವರಿನಲ್ಲಿದ್ದ ಕೊನೆಯ ವರ್ಷಗಳಲ್ಲಿ ಒಂದು ಬೆಳಗ್ಗೆ ತರಬೇತಿ ವಿಮಾನವೊಂದು ಇಳಿಯಲು ಬಂತು. ಬಟನ್ ಒತ್ತಿದ ಸದ್ದು, ಆಮೇಲೆ ಮೌನ, ಉಸಿರಾಟ. ಮತ್ತೆ ಹುಡುಗಿಯೊಬ್ಬಳ ದನಿ: ಟವರಿನ ಹೆಸರು ಸರಿಯಾಗಿ, ತನ್ನ ಐದಕ್ಷರ ಸರಿಯಾಗಿ, ಹತ್ತು ಮೈಲು ಉತ್ತರ, ಎತ್ತರ ನೂರರವರೆಗೆ ನಿಖರ, ಇಳಿಯಬೇಕು. ಅಲ್ಲಿಗೆ ಮುಗಿಯಬೇಕಿತ್ತು. ಬಟನ್ ಬಿಡದೆ ಮತ್ತೂ ಎರಡು ಪದ ಹೇಳಿದಳು: ‘ಸ್ಟೂಡೆಂಟ್, ಸೋಲೋ.’ ಹಿಂದೆ ಹನ್ನೆರಡು ಮೈಲಿನಲ್ಲಿ ಒಂದು ಜೆಟ್ ಇತ್ತು. ನಾನು ಅದರ ವೇಗ ತಗ್ಗಿಸಿದೆ, ಒಂದು ಸುತ್ತು ಹಾಕಿ ಬನ್ನಿ ಎಂದೆ. ಆ ಕ್ಯಾಪ್ಟನ್ ಕೂಡ ಅವಳ ದನಿ ಕೇಳಿಸಿಕೊಂಡಿದ್ದರು. ಕಾರಣ ಕೇಳಲಿಲ್ಲ, ಸೂಚನೆಯನ್ನು ಮರಳಿ ಹೇಳಿ ಬಲಕ್ಕೆ ತಿರುಗಿದರು. ಅವಳಿಗೆ ರನ್‌ವೇ ಸಂಖ್ಯೆ, ಗಾಳಿಯ ದಿಕ್ಕು ಹೇಳಿದೆ, ನಿಧಾನವಾಗಿ, ಒಂದೊಂದೇ.